ಬಿ-2ರಲ್ಲಿ ಬೀಗರನ್ನು ಎದುರುಗೊಂಡದ್ದು

ಹೊಸಪೇಟೆಯಲ್ಲಿ ಇನ್ನು ಮುಂದೆ ಯಾರೂ ದಾರಿ ತಪ್ಪುವುದಿಲ್ಲ ಎಂದು ನಾನು ಆ ವರ್ಷ ಕಂಡಕಂಡವರಿಗೆಲ್ಲ ಘೋಷಿಸಿದ್ದೆ. ಘೋಷಿಸುವ ಅಧಿಕಾರ ನನಗಿದೆ ಎಂದೂ ನಂಬಿದ್ದೆ. ಊರ ಹೊರಗೆ ಹೊಸ ಬೈಪಾಸ್ ಬಂದಿತ್ತು. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ, ಎರಡನ್ನೂ ಕೂಡಿಸಲು ಬಾಗಿ ಬಾಗಿ ಇಳಿಯುವ ನಾಲ್ಕು ರ‍್ಯಾಂಪುಗಳು. ಆ ರ‍್ಯಾಂಪುಗಳ ಅಂಚಿಗೆ ಸಣ್ಣ ಬೋರ್ಡುಗಳನ್ನು ನೆಡಿಸುವ ಗುತ್ತಿಗೆದಾರರ ಹತ್ತಿರ ನಾನು ಸೂಪರ್‌ವೈಸರ್ ಆಗಿದ್ದೆ.

ಒಂದೊಂದು ಬೋರ್ಡು ಶಾಲೆಯ ಮಕ್ಕಳು ಬರೆಯುವ ಪಾಟಿಯಷ್ಟು ದೊಡ್ಡದು. ಮೊದಲ ರ‍್ಯಾಂಪಿನಲ್ಲಿ ಎ-1, ಎ-2, ಎ-3. ಎರಡನೆಯದರಲ್ಲಿ ಬಿ-1, ಬಿ-2, ಬಿ-3. ಹೀಗೆ ಡಿ ತನಕ ಒಟ್ಟು ಹನ್ನೆರಡು. ಗಾಡಿ ಕೆಟ್ಟರೆ, ಅಪಘಾತವಾದರೆ, ಬೋರ್ಡು ನೋಡಿ ನಂಬರ್ ಹೇಳಿದರೆ ಸಾಕು, ಸಹಾಯ ನೇರವಾಗಿ ಅಲ್ಲಿಗೇ ಬರಬೇಕು. ಈ ಉಪದೇಶವನ್ನು ನಾನು ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಒಮ್ಮೆ ತಿಥಿ ಊಟದ ಪಂಕ್ತಿಯಲ್ಲೂ ಮಾಡಿದ್ದೇನೆ.

"ಹನ್ನೆರಡು ಬೋರ್ಡು ಹುಗದಿದ್ದಕ್ಕ ಹಿಂಗ, ಇನ್ನ ಆ ರಸ್ತೆ ನೀವ ಮಾಡಿದ್ರ ಏನ್ ಗತಿರಿ?" ಎಂದಳು ನನ್ನ ಹೆಂಡತಿ ಗೌರಮ್ಮ.

ಅಷ್ಟರಲ್ಲಿ ಅಣ್ಣ ವೀರಣ್ಣನ ಮಗಳು ಶಿವಲೀಲಾಳ ಮದುವೆ ಗೊತ್ತಾಯಿತು. ಬೀಗರು ಹರಪನಹಳ್ಳಿ ಕಡೆಯವರು. ಬೀಗರು ಬಂದಾಗ ಊರ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ, ಕಾಲಿಗೆ ನೀರು ಕೊಟ್ಟು, ಆರತಿ ಬೆಳಗಿ, ಬಾಜಾ ಬಜಂತ್ರಿಯೊಡನೆ ಕರೆತರುವುದು ನಮ್ಮ ಪದ್ಧತಿ. ಎದುರುಗೊಳ್ಳದೆ ಬೀಗರು ತಾವಾಗಿ ಮಂಟಪಕ್ಕೆ ಬಂದು ನಿಂತರೆ ಮೂರು ತಲೆಮಾರು ಆ ಮಾತು ನಿಲ್ಲುವುದಿಲ್ಲ. ಆದರೆ ಹೊಸಪೇಟೆಯಂಥ ಊರಿನಲ್ಲಿ ಅಗಸಿ ಎಲ್ಲಿದೆ?

"ಈಗಿನ ಕಾಲಕ್ಕ ಬೈಪಾಸ್ ರ‍್ಯಾಂಪ ಅಗಸಿ!" ಎಂದೆ ನಾನು. "ಬೀಗರಿಗೆ ಬಿ-2 ಬೋರ್ಡಿನ ಹತ್ರ ಬರ್ರಿ ಅಂತ ಹೇಳೋಣು. ಅಲ್ಲೇ ಎದುರುಗೊಳ್ಳೋಣು. ಎಲ್ಲಾ ನನಗ ಬಿಡು ಅಣ್ಣಾ."

ಅಣ್ಣ ಬಿಟ್ಟ. ಅದು ಅವನ ತಪ್ಪು. ಉಳಿದ ತಪ್ಪುಗಳೆಲ್ಲ ನನ್ನವು.

ಬೀಗರಾದ ಚನ್ನಬಸಪ್ಪನವರಿಗೆ ಫೋನ್ ಮಾಡಿ ಬಿ-2 ಎಂದು ಮೂರು ಸಲ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ದಾರಿ ತೋರಿಸಲು ಬಾಣದ ಗುರುತಿರುವ ಪೋಸ್ಟರು ಅಚ್ಚು ಹಾಕಿಸಿದೆ. ಮೇಲೆ 'ಶಿವಲೀಲಾ ವಿವಾಹಕ್ಕೆ ಸುಸ್ವಾಗತ', ನಡುವೆ ದೊಡ್ಡ ಬಾಣ, ಕೆಳಗೆ 'ತಮ್ಮ ಆಗಮನಾಭಿಲಾಷಿ: ಕೊಟ್ರೇಶಪ್ಪ, ಸೂಪರ್‌ವೈಸರ್'. ನನ್ನ ಹೆಸರಿನ ಅಕ್ಷರ ಮದುಮಗಳ ಹೆಸರಿಗಿಂತ ತುಸು ದಪ್ಪವಾಗಿತ್ತು. ಅದು ಅಚ್ಚಿನವನ ತಪ್ಪು ಎಂದು ಮನೆಯಲ್ಲಿ ಹೇಳಿದೆ. ಹಾಗೆ ಬರೆದುಕೊಟ್ಟವನು ನಾನೇ.

ಪೋಸ್ಟರು ಬಿಚ್ಚಿ ನೋಡಿದ ಗೌರಮ್ಮ, "ಎಲ್ಲಾ ಬಾಣ ಬಲಕ್ಕ ಅದಾವಲ್ರಿ. ಎಡಕ್ಕ ಹೊಳ್ಳೂ ಕಡೆ ಏನ್ ಮಾಡ್ತೀರಿ?" ಎಂದಳು.

"ಅಲ್ಲಿ ಉಲ್ಟಾ ಹಚ್ಚಿದ್ರಾತು."

"ಅಕ್ಷರನೂ ಉಲ್ಟಾ ಆಗತಾವ. ಬೀಗರು ತಲಿ ಕೆಳಗ ಮಾಡಿ ಓದಬೇಕೇನು?"

ನಾನು ಸ್ವಲ್ಪ ಹೊತ್ತು ಗಂಭೀರವಾಗಿ ಆಲೋಚಿಸಿ, ಶುಭಕಾರ್ಯಕ್ಕೆ ಬಲಗಡೆಯೇ ಶ್ರೇಷ್ಠ ಎಂದು ತೀರ್ಪು ಕೊಟ್ಟೆ.

ಮದುವೆಯ ಹಿಂದಿನ ದಿನ ಮುಂಜಾನೆ ಮೈದಾ ಅಂಟು ಕಾಯಿಸಿಕೊಂಡು ಬೈಪಾಸಿಗೆ ಹೋದೆ. ಪೋಸ್ಟರು ಹಚ್ಚಲು ಸುತ್ತಮುತ್ತ ಗೋಡೆಯಿಲ್ಲ, ಗಿಡವಿಲ್ಲ. ಇದ್ದದ್ದು ನನ್ನವೇ ಹನ್ನೆರಡು ಬೋರ್ಡು. ಎಷ್ಟು ಚಂದ ನಿಂತಿದ್ದವು! ಒಂದೊಂದರ ಮೇಲೂ ಒಂದೊಂದು ಪೋಸ್ಟರು ಅಂಟಿಸಿದೆ. ಅಂಟು ಹಿಡಿಯಲು ಮೇಲಿಂದ ಅಂಗೈಯಲ್ಲಿ ಚೆನ್ನಾಗಿ ಉಜ್ಜಿದೆ. ಅಂಟಿನ ಡಬ್ಬಿ ಹಿಡಿದು ಜೊತೆಗೆ ಬಂದಿದ್ದ ಗೌರಮ್ಮ, "ರೀ, ನಂಬರ್ ಮುಚ್ಚಾಕತ್ಯಾವಲ್ರಿ" ಎಂದಳು.

"ನಂಬರ್ ನನಗ ಬಾಯಿಪಾಠ ಅದಾವ" ಎಂದೆ. ಈ ಉತ್ತರ ಸರಿಯಾಗಿದೆ ಎಂದು ಆಗ ನನಗೆ ನಿಜವಾಗಿಯೂ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಬಿಳಿ ಪ್ಯಾಂಟು, ಬಿಳಿ ಶರ್ಟು, ಹೆಗಲಿಗೆ ಬಿಳಿ ಟವೆಲ್ಲು ಹಾಕಿಕೊಂಡು ಬಿ-2ರಲ್ಲಿ ನಿಂತೆ. ಪಕ್ಕದಲ್ಲಿ ಬ್ಯಾಂಡಿನವರು, ಆರತಿ ತಟ್ಟೆ ಹಿಡಿದ ಐದು ಮಂದಿ ಮುತ್ತೈದೆಯರು, ಅವರಲ್ಲಿ ಗೌರಮ್ಮ. ಹತ್ತೂವರೆಗೆ ಅಕ್ಕಿಕಾಳಿನ ಮುಹೂರ್ತ. ಮೇಲಿನ ರಸ್ತೆಯಲ್ಲಿ ಸಂಡೂರಿನ ಅದಿರು ಲಾರಿಗಳು ಒಂದರ ಬೆನ್ನಿಗೊಂದು ಹೋಗುತ್ತಿದ್ದವು. ಆ ಕೆಂಪು ಧೂಳಿನಲ್ಲಿ ನೂರು ಹೆಜ್ಜೆ ಆಚೆಗಿನದು ಕಾಣುತ್ತಿರಲಿಲ್ಲ. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಬೀಗರಿಲ್ಲ. ಆಗ ಫೋನ್ ಬಂತು.

"ಕೊಟ್ರೇಶಪ್ಪನೋರ, ನಿಮ್ಮ ಬಾಣ ನೋಡ್ಕಂತನ ಬರಾಕತ್ತೀವ್ರಿ" ಎಂದರು ಚನ್ನಬಸಪ್ಪನವರು. "ಬಲಕ್ಕ ಹೊಳ್ಳಿದ್ವಿ, ಮತ್ತ ಬಲಕ್ಕ, ಮತ್ತ ಬಲಕ್ಕ. ಮೊದಲಿನ ಜಾಗಕ್ಕ ಬಂದ್ವಿ. ಹಿಂಗ ನಾಕು ಸುತ್ತ ಆತು. ನಿಮ್ಮ ಕಡೆ ಬೈಪಾಸ್‌ಗೂ ಪ್ರದಕ್ಷಿಣಿ ಹಾಕ್ತಾರೇನ್ರಿ?"

"ಛೇ ಛೇ! ಬಸ್ ನಿಲ್ಲಸ್ರಿ!"

"ಅದು ತಾನ ನಿಂತೈತ್ರಿ. ರೇಡಿಯೇಟರ್ ಕುದ್ದು ಹೊಗಿ ಬರಾಕತ್ತೈತಿ."

ನಾನು ಧೈರ್ಯಗೆಡಲಿಲ್ಲ. ಇಂಥ ಹೊತ್ತಿಗೆಂದೇ ಅಲ್ಲವೇ ನನ್ನ ಬೋರ್ಡುಗಳಿರುವುದು! ಗಂಟಲು ಸರಿಮಾಡಿಕೊಂಡು, ಬ್ಯಾಂಡಿನವರಿಗೂ ಕೇಳುವಂತೆ, "ಏನೂ ಚಿಂತಿ ಮಾಡಬ್ಯಾಡ್ರಿ. ಪಕ್ಕದಾಗ ಒಂದು ಸಣ್ಣ ಬೋರ್ಡ್ ಐತಿ ನೋಡ್ರಿ. ಅದರಾಗ ಏನ್ ಬರದೈತಿ ಹೇಳ್ರಿ" ಎಂದೆ.

"ಕೊಟ್ರೇಶಪ್ಪ, ಸೂಪರ್‌ವೈಸರ್ ಅಂತ ಬರದೈತಿ."

"ಅದರ ಮುಂದಿನ ಬೋರ್ಡ್ ನೋಡ್ರಿ" ಎಂದೆ, ಈ ಸಲ ಸಣ್ಣ ದನಿಯಲ್ಲಿ.

"ಅಲ್ಲೂ ನೀವ ಅದೀರಿ."

ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಟ್ಟೆಯ ದೀಪಕ್ಕೆ ಸೆರಗು ಮರೆ ಮಾಡಿ ಆಚೆ ತಿರುಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬ್ಯಾಂಡು ಜೋರಾಗಿ ಬಾರಿಸಲು ಹೇಳಿದೆ. ಸದ್ದು ಹಿಡಿದಾದರೂ ಬರಲಿ ಎಂದು. "ಕೇಳಸ್ತೈತ್ರಿ, ಭಾಳ ಚಂದ ಬಾರಸ್ತಾರ. ಯಾವ ಕಡಿಂದ ಅಂತ ಮಾತ್ರ ತಿಳಿವಲ್ದು" ಎಂದರು ಬೀಗರು. ಇನ್ನು ತಡೆಯಲಾಗದೆ ನಾನೇ ಮೇಲಿನ ರಸ್ತೆಗೆ ಓಡಿದೆ. ಎತ್ತರದಿಂದ ನಾನು ಬಸ್ಸಿನವರಿಗೆ ಕಾಣಲೆಂದು ಟವೆಲ್ಲನ್ನು ತಲೆಯ ಮೇಲೆ ಬೀಸತೊಡಗಿದೆ.

ಬಸ್ಸಿನವರಿಗೆ ಕಾಣಲಿಲ್ಲ. ಲಾರಿಯವರಿಗೆ ಕಂಡೆ. ಬಿಳಿ ಬಟ್ಟೆ ಹಾಕಿಕೊಂಡು ನಡುರಸ್ತೆಯಲ್ಲಿ ಕೈ ಬೀಸುವವನು ಆ ಕಾಲದಲ್ಲಿ ಒಬ್ಬನೇ: ಲೋಡು ತಪಾಸಣೆ ಮಾಡುವ ಅಧಿಕಾರಿ! ಮೊದಲ ಲಾರಿ ಗಕ್ಕನೆ ನಿಂತಿತು. ಹಿಂದಿನದು ನಿಂತಿತು. ಅದರ ಹಿಂದಿನವೂ ನಿಂತವು. ಲೋಡು ಹೆಚ್ಚಿದ್ದ ಇಬ್ಬರು ಡ್ರೈವರುಗಳು ತಿರುಗಿಸಿಕೊಂಡು ಓಡಲು ಹೋಗಿ ರ‍್ಯಾಂಪಿನ ಬಾಯಲ್ಲೇ ಅಡ್ಡಡ್ಡ ಸಿಕ್ಕಿಕೊಂಡರು. ಒಬ್ಬ ಇಳಿದು ಬಂದು ಕೈಮುಗಿದು, "ಸಾಹೇಬ್ರ, ಪರ್ಮಿಟ್ ಐತ್ರಿ, ಇದೊಂದು ಸಲ ಬಿಡ್ರಿ" ಎಂದ.

"ನಾನು ಮದುಮಗಳ ಕಾಕಾ ಅದೀನೋ ಮಾರಾಯಾ!" ಎಂದೆ. ಅವನು ನಂಬಲಿಲ್ಲ. ಪರ್ಮಿಟ್ ತೋರಿಸಿಯೇ ತೀರಿದ.

ಹತ್ತೂವರೆ ದಾಟಿತು. ಅಕ್ಕಿಕಾಳಿನ ಹೊತ್ತು ನಾನು ಲಾರಿಗಳ ನಡುವೆ ನಿಂತಿರುವಾಗಲೇ ಕಳೆದುಹೋಯಿತು. ತಲೆ ತಗ್ಗಿಸಿಕೊಂಡು ಬಿ-2ಕ್ಕೆ ಇಳಿದು ಬಂದೆ. ಅಷ್ಟರಲ್ಲಿ ಮಣ್ಣಿನ ಇಳಿಜಾರಿನಿಂದ ಅಡಿಯಿಂದ ಮುಡಿಯ ತನಕ ಕೆಂಪಾಗಿದ್ದ ಒಬ್ಬ ಯುವಕ ಜಾರುತ್ತಾ ಬಂದು ನಮ್ಮೆದುರು ನಿಂತ. ಯಾವುದೋ ಗಣಿಯ ಕೆಲಸಗಾರ ಊಟಕ್ಕೆ ಬಂದಿದ್ದಾನೆ ಎಂದುಕೊಂಡೆ.

"ಸ್ವಲ್ಪ ಆಕಡೆ ನಿಲ್ಲಪಾ. ಬೀಗರು ಬರೂದೈತಿ" ಎಂದೆ.

"ನಾನ ರೀ ಮದುಮಗ" ಎಂದ ಅವನು.

ಆರತಿ ತಟ್ಟೆ ಹಿಡಿದವರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡದ್ದು ನೋಡಿ, ಬ್ಯಾಂಡಿನ ಸದ್ದು ಹಿಡಿದು, ಅದಿರು ಚೆಲ್ಲಿದ ದಿಬ್ಬ ಹತ್ತಿ ಇಳಿದು ಬಂದಿದ್ದನಂತೆ. ಬಿಳಿ ಧೋತರ ಉಟ್ಟು ಹೊರಟವನು! ಅವನ ಕಾಲಿಗೆ ನೀರು ಹಾಕಿದೆವು. ಮೂರು ಕೊಡ ನೀರು ಕೆಂಪಾಗಿ ಹರಿಯಿತು. ಹಿಂದೆಯೇ ಅವನ ಮುದಿ ಅಜ್ಜಿಯನ್ನು ಇಬ್ಬರು ಕೈಹಿಡಿದು ಬಿಸಿಲಲ್ಲಿ ನಡೆಸಿಕೊಂಡು ಬಂದರು. ನಾನು ಆ ಅಜ್ಜಿಯ ಮುಖ ನೋಡಲಾರದೆ ಬ್ಯಾಂಡಿನವರ ಡೋಲಿನ ಮರೆಗೆ ಸರಿದೆ.

ಮಂಟಪಕ್ಕೆ ಹೋದರೆ ಅಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಬೀಗರ ಬಸ್ಸು ಊರ ತನಕ ಬಂದು, ಏನು ಮನಸ್ತಾಪವೋ, ಹೊಳ್ಳಿ ಹೋಯಿತು ಎಂದು. ಬಸ್ಸು ಸುತ್ತು ಹಾಕುವುದನ್ನು ನೋಡಿದ ಪುಣ್ಯಾತ್ಮರು ಯಾರೋ ಹೇಳಿದ್ದರು. ಮದುವೆ ಮಾಡಿಸುವ ಅಯ್ಯನವರು ಪಂಚಾಂಗ ತಿರುವಿ ಹನ್ನೆರಡರ ನಂತರ ಇನ್ನೊಂದು ಹೊತ್ತು ಹುಡುಕಿಕೊಟ್ಟರು. ಮದುವೆ ಆಯಿತು. ಎಲ್ಲರೂ ಉಂಡರು. ಚನ್ನಬಸಪ್ಪನವರು ದೊಡ್ಡ ಮನುಷ್ಯರು, ಹೊರಡುವಾಗ ಬೈಯಲಿಲ್ಲ. "ಹೋಗೂ ದಾರಿ ಮಾತ್ರ ನಾವ ಕೇಳ್ಕಂತೀವಿ" ಎಂದರು, ಅಷ್ಟೇ.

ಶಿವಲೀಲಾ ಕಾಲಿಗೆ ಬಿದ್ದಾಗ ಅವಳ ಕಣ್ಣುಗಳು ಇನ್ನೂ ಊದಿಕೊಂಡಿದ್ದವು. "ಕಾಕಾ, ಬಸ್ ಹೊಳ್ಳಿ ಹೋತು ಅಂದ ಮ್ಯಾಲೆ ನಾನು ಅವರಿಗೆ ಬ್ಯಾಡಾದ್ನೇನೋ ಅನ್ಕಂಡೆ" ಎಂದಳು. ಎರಡು ತಾಸು ಆ ಹುಡುಗಿ ಹಸೆಮಣೆಯ ಪಕ್ಕ ಹಾಗೆ ಅಂದುಕೊಂಡು ಕೂತಿದ್ದಳು. ನನ್ನ ಹೆಸರು ದಪ್ಪಕ್ಷರದಲ್ಲಿ ಕಾಣಬೇಕೆಂಬ ಆಸೆಗೆ. ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಮರುದಿನ ಬಕೀಟು, ಚಾಕು ಹಿಡಿದು ಒಬ್ಬನೇ ಬೈಪಾಸಿಗೆ ಹೋದೆ. ಪೋಸ್ಟರುಗಳನ್ನು ನೆನೆಸಿ ಕೆರೆದೆ. ನಾನು ಕಾಯಿಸಿದ ಮೈದಾ ಅಂಟು ಎಷ್ಟು ಗಟ್ಟಿಯೆಂದರೆ, ಪೋಸ್ಟರಿನ ಜೊತೆಗೆ ಕೆಳಗಿನ ಹೊಳೆಯುವ ಅಕ್ಷರಗಳೂ ಎದ್ದು ಬಂದವು. ಬಿ ಹೋಯಿತು. 2 ಕೂಡ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಬೋರ್ಡುಗಳೂ ಬೋಳಾಗಿ ನಿಂತಿದ್ದವು.

ಆಗ ಒಂದು ಲಾರಿ ಪಕ್ಕದಲ್ಲಿ ಬಂದು ಕೆಟ್ಟು ನಿಂತಿತು. ಡ್ರೈವರ್ ಕಿವಿಗೆ ಫೋನ್ ಹಿಡಿದು ಇಳಿದು ಬಂದ. "ಯಣ್ಣಾ, ಮೆಕ್ಯಾನಿಕ್ ಯಾವ ಜಾಗ ಅಂತ ಕೇಳಾಕತ್ಯಾನ. ಇದು ಯಾವ ಜಾಗ?" ಎಂದ. ಬೋಳು ಬೋರ್ಡನ್ನು ಹಿಂದೆ ಮುಂದೆ ನೋಡಿ, "ಥೂ, ಏನೂ ಬರೀದ ಬೋರ್ಡ್ ಹುಗದು ಹೋಗ್ಯಾನ! ಯಾವ ಮಬ್ಬ ಮಾಡ್ಯಾನೋ ಈ ಕೆಲಸ!" ಎಂದ.

ನಂಬರ್ ನನಗೆ ಬಾಯಿಪಾಠವಿತ್ತು. ಹೇಳಿದೆ. "ಬಿ-2."

"ನಿನಗ ಹೆಂಗ ಗೊತ್ತು?" ಎಂದ ಅವನು ನನ್ನ ಚಾಕು, ಬಕೀಟು ನೋಡುತ್ತಾ.

"ಇಲ್ಲಿ ಬೋರ್ಡ್ ತೊಳಿಯೂ ಕೆಲಸ ನಂದು" ಎಂದೆ.