ಚೊಂಗೆ ತಿನ್ನಲು ತಾಲೀಮು

ನಾನು ಬೆಟಗೇರಿಯ ಶಾಲಾ ಮಾಸ್ತರ. ನೆರೆಮನೆಯ ಹುಸೇನಸಾಬನೊಂದಿಗೆ ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತು ಹರಟಿದ್ದೇನೆ; ಅವನ ಮನೆಯಲ್ಲಿ ಒಂದು ತುತ್ತು ತಿಂದಿರಲಿಲ್ಲ. ಮಡಿವಂತ ತಾಯಿಯ ಮಗ ನಾನು, ಹೊರಗೆ ನೀರೂ ಕುಡಿದವನಲ್ಲ! ಪ್ರತಿ ಮೊಹರಮ್ಮಿಗೂ ಅವನ ಹೆಂಡತಿ ಫಾತಿಮಾ ಬೆಲ್ಲ, ತುಪ್ಪದ ಸಿಹಿ ರೊಟ್ಟಿ ಚೊಂಗೆ ಮಾಡಿ ಮುಂದಿಟ್ಟರೆ ನನ್ನದು ಒಂದೇ ಮಾತು: "ಈಗಷ್ಟ ಊಟ ಆತು ತಂಗಿ, ಹೊಟ್ಟಿ ತುಂಬೈತಿ." ಹುಸೇನಸಾಬ ನಗುತ್ತಿದ್ದ.

ಏಕೀಕರಣವಾಯಿತು. ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹುಸೇನಸಾಬನ ಮಗನಿದ್ದ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು.

"ಮಗ ಬಂದುಬಿಡ್ರಿ ಅಂತಾನ. ನಾಳೆ ಮುಂಜಾನಿ ಗಾಡಿ. ಇವತ್ತ ಸಂಜಿಕಾದ್ರೂ ಮನಿಗೆ ಬರ್ರಿ ಮಾಸ್ತರ," ಎಂದ.

ಈ ಸಲ ತಿಂದೇ ತೀರುತ್ತೇನೆಂದು ನಿಶ್ಚಯಿಸಿದೆ.

"ಹೊಟ್ಟಿ ಖಾಲಿ ಇಟ್ಕೊಂಡು ಹೋಗ್ರಿ," ಎಂದಳು ನನ್ನ ಹೆಂಡತಿ ಶಾಂತಾ.

"ನನಗ ಬುದ್ಧಿ ಹೇಳಬ್ಯಾಡ!"

ಹೊರಗೆ ತಿಂದು ರೂಢಿಯಿಲ್ಲದವನು ಅಲ್ಲಿ ಮುಖ ಕಿವುಚಿದರೆ ಅವರ ಮನಸ್ಸಿಗೆ ಎಷ್ಟು ನೋವು! ಆದ್ದರಿಂದ ಮೊದಲು ತಾಲೀಮು. ಪೇಟೆಯ ಅಗ್ಗದ ಅಂಗಡಿಗಳನ್ನು ಶಾಸ್ತ್ರೋಕ್ತವಾಗಿ ಹತ್ತಿಳಿದೆ. ಕೈಗಾಡಿಯವನ ಚುರುಮುರಿ ಗಿರಮಿಟ್ಟನ್ನು ಕಣ್ಣು ಮುಚ್ಚಿಕೊಂಡು ನುಂಗಿದೆ. ಬದುಕಿದೆ! ಜೊತೆಗೆ ಮಿರ್ಚಿ ಬಜ್ಜಿ, ನಾಲ್ಕು. ಮರಾಠಿ ಮುದುಕಿಯೊಬ್ಬಳ ಖಾನಾವಳಿಯಲ್ಲಿ ಕಡಲೆಹಿಟ್ಟಿನ ಝುಣಕ, ಜೋಳದ ಭಾಕರಿ. "ಭಾಳ ಸೊರಗೀರಿ, ಇನ್ನೊಂದ್ ತಗೋರಿ," ಎಂದಳು. ತಗೊಂಡೆ. ಉಡುಪಿಯವರ ಹೋಟೆಲಿನಲ್ಲಿ ಎರಡು ದೋಸೆ. ಎಂಥ ರುಚಿ! ನಲವತ್ತೈದು ವರ್ಷ ಇದನ್ನೆಲ್ಲ ಬಿಟ್ಟು ಕೂತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟಿಗೆ ಮೂರನೆಯ ದೋಸೆ ತರಿಸಿದೆ.

ಹುಸೇನಸಾಬನ ಮನೆ ಮುಟ್ಟುವಾಗ ಬಗ್ಗಿ ಚಪ್ಪಲಿ ಬಿಡಲೂ ಆಗಲಿಲ್ಲ. ಕಟ್ಟಿಟ್ಟ ಗಂಟುಗಳ ನಡುವೆ ಕೂರಿಸಿದರು. ಮೊಹರಮ್ಮು ಅಲ್ಲದಿದ್ದರೂ ಫಾತಿಮಾ ನನಗಾಗಿಯೇ ಚೊಂಗೆ ಮಾಡಿದ್ದಳು. ಮುರಿದೆ. ಬಾಯಿಯವರೆಗೆ ಒಯ್ದೆ. ಒಳಗೆ ಬಜ್ಜಿ, ಭಾಕರಿ, ದೋಸೆ ಮೂರೂ ಏಕೀಕರಣಗೊಂಡು ಮೇಲೆದ್ದವು! ತುತ್ತನ್ನು ತಟ್ಟೆಗಿಟ್ಟು ಬಾಯಿ ಮುಚ್ಚಿಕೊಂಡೆ.

"ತಂಗಿ... ಖರೇನ ಹೇಳ್ತೀನಿ... ಹೊಟ್ಟಿ ತುಂಬೈತಿ."

ಫಾತಿಮಾ ತಲೆ ತಗ್ಗಿಸಿದಳು.

"ಪೇಟ್ಯಾಗ ತಿಂದು ಬಂದೆ ಹುಸೇನಸಾಬ, ನಿನ್ನಾಣಿ!"

"ಇರ್ಲಿ ಬಿಡ್ರಿ ಮಾಸ್ತರ. ನಮಗ ಗೊತ್ತಿಲ್ಲೇನು?" ಎಂದು ನಗುತ್ತ ತಟ್ಟೆಯನ್ನು ಮೆಲ್ಲಗೆ ಒಳಗೆ ಒಯ್ದ. ಇಪ್ಪತ್ತು ವರ್ಷ ನನ್ನ ಸುಳ್ಳಿಗೆ ನಕ್ಕಂತೆಯೇ ಅಂದು ನನ್ನ ಸತ್ಯಕ್ಕೂ ನಕ್ಕ.

ಅಳುತ್ತ ಮನೆಗೆ ಬಂದೆ.

"ಚೊಂಗ್ಯಾ ಹೆಂಗಿತ್ರಿ?" ಎಂದಳು ಶಾಂತಾ.

ಉತ್ತರ ಹೇಳಲು ಬಾಯಿ ತೆರೆದೆ. ಮಿರ್ಚಿ ಬಜ್ಜಿಯ ತೇಗು ಬಂತು.