ಕಾಕಾ ಮಾಡಿದ ಕಾನ್ಫರೆನ್ಸ್ ವಿಸ್ತರಣೆ

ನನ್ನ ಗಂಡನ ಕಾಕಾ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಮಹಾಪಂಡಿತರು. ಆ ಪಾಂಡಿತ್ಯದಲ್ಲಿ ಒಂದೇ ಒಂದು ಸಣ್ಣ ಕೊರತೆ: ಅವರಿಗೆ ಫುಟ್‌ಬಾಲ್ ಬರುವುದಿಲ್ಲ! ಆಡಲು ಬರುವುದಿಲ್ಲ ಎಂದಲ್ಲ, ಅದು ನನಗೂ ಬರುವುದಿಲ್ಲ. ಅವರಿಗೆ ನೋಡಲೂ ಬರುವುದಿಲ್ಲ. ಟಿವಿಯಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದಾಗ, "ಚೆಂಡು ಈಗ ಯಾರ ಹತ್ರ ಇದೆ ಕಾಕಾ?" ಎಂದು ಕೇಳಿ ನೋಡಿ. "ಚೆಂಡು ಯಾರ ಕಡೆ ಇದ್ರೇನವಾ, ಬಿಡು. ಈ ಎರಡು ಟೀಮು ಯಾವ ಕಾನ್ಫರೆನ್ಸಿನ್ಯಾವು, ಅದನ್ನ ಕೇಳು" ಎನ್ನುತ್ತಾರೆ.

ಕೇಳದಿದ್ದರೂ ಹೇಳುತ್ತಾರೆ ಅನ್ನಿ. ಈ ದೇಶದಲ್ಲಿ ಹತ್ತೋ ಹನ್ನೆರಡೋ ಕಾಲೇಜುಗಳು ಸೇರಿ ಒಂದು ಬಳಗ ಕಟ್ಟಿಕೊಂಡು ಹೆಚ್ಚಾಗಿ ತಮ್ಮತಮ್ಮೊಳಗೇ ಆಡುತ್ತವೆ. ಆ ಬಳಗಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಯಾವ ಕಾನ್ಫರೆನ್ಸ್ ಗಟ್ಟಿ, ಯಾವುದು ಟೊಳ್ಳು, ಯಾರು ಹೊಸಬರನ್ನು ಸೇರಿಸಿಕೊಂಡರು, ಯಾರು ಹಳೆಯ ಬಳಗಕ್ಕೆ ಕೈಕೊಟ್ಟು ಓಡಿದರು, ಇದರ ಮೇಲೆ ವರ್ಷವಿಡೀ ಜಗಳ. ನಮ್ಮ ಬೀಗರ ಜಗಳಕ್ಕಾದರೂ ಮದುವೆ ಮುಗಿದ ಮೇಲೆ ಒಂದಿಷ್ಟು ಬಿಡುವುಂಟು!

ಧಾರವಾಡದ ಕಾಕಾ ಇದಕ್ಕೆ ಹೇಗೆ ಬಿದ್ದರು? ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿ ಕ್ಯಾಲಿಫೋರ್ನಿಯಾದ ರೆಡೊಂಡೊ ಬೀಚ್ ಊರಿಗೆ ಬಂದ ಹೊಸತರಲ್ಲಿ, ಊಟದ ಹೊತ್ತಿಗೆ ಅವರ ಜೊತೆ ಮಾತಾಡುವವರೇ ಇರಲಿಲ್ಲವಂತೆ. ಒಂದು ಸೋಮವಾರ ಧೈರ್ಯ ಮಾಡಿ ಪಕ್ಕದವನಿಗೆ, "ಈ ಸಲ ನಿಮ್ಮ ಕಾನ್ಫರೆನ್ಸ್ ಸ್ವಲ್ಪ ವೀಕ್ ಅನ್ನಿಸ್ತದ" ಎಂದರಂತೆ. ಅಷ್ಟೇ! ಆತ ಊಟ ಬಿಟ್ಟು ವಾದಕ್ಕೆ ನಿಂತ, ಉಳಿದವರು ಕುರ್ಚಿ ಎಳೆದುಕೊಂಡು ಬಂದರು. ನಿವೃತ್ತಿಯಾಗುವವರೆಗೂ ಕಾಕಾ ಅದೊಂದೇ ವಾಕ್ಯದಲ್ಲಿ ಕಾಲ ಹಾಕಿದರು.

ಪಶ್ಚಿಮ ಕರಾವಳಿಯ ನಮ್ಮ ಕಾನ್ಫರೆನ್ಸ್ ಹತ್ತರಿಂದ ಹನ್ನೆರಡು ಟೀಮಿಗೆ ಬೆಳೆದ ವರ್ಷವಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದವರು ಟೇಬಲ್ಲಿನ ಮೇಲಿದ್ದುದನ್ನೆಲ್ಲ ಕಾಲೇಜು ಮಾಡಿಬಿಟ್ಟರು. ಶೇಂಗಾ ಚಟ್ನಿಯ ಡಬ್ಬಿ ಈ ಕಡೆ ಸರಿಯಿತು, ತುಪ್ಪದ ಬಟ್ಟಲು ಆ ಕಡೆ ಹೋಯಿತು, ಉಪ್ಪಿನಕಾಯಿ ಜಾಡಿ ಮಾತ್ರ ನಡುವೆ ಒಂಟಿಯಾಗಿ ನಿಂತಿತು. ನನ್ನ ಗಂಡ ಅದಕ್ಕೆ ಕೈ ಹಾಕಿದ್ದೇ ತಡ, "ಏ ಮುಟ್ಟಬ್ಯಾಡ! ಅದರ ಜೋಡಿ ಇನ್ನೂ ಮಾತುಕತಿ ನಡದದ!" ಎಂದು ಕೂಗಿದರು.

"ಅಜ್ಜಾ, ಕ್ಯಾನ್ ಐ ಜಸ್ಟ್ ಹ್ಯಾವ್ ದ ಪಿಕಲ್?" ಎಂದಳು ನನ್ನ ಮಗಳು.

"ಅದು ಬರೂದು ಅದರ ಮರ್ಜಿ, ಕೂಸ" ಎಂದರು ಕಾಕಾ. ಆ ದಿನ ನಾವು ಮೊಸರನ್ನವನ್ನು ಉಪ್ಪಿನಕಾಯಿ ಇಲ್ಲದೆಯೇ ಉಂಡೆವು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ಹೊತ್ತಿಗೆ ಸರಿಯಾಗಿ ನಮ್ಮದೇ ಬಳಗಕ್ಕೆ ಕುತ್ತು ಬಂತು. ನಮ್ಮದೂ ಕಾಕಾ ಅವರದೂ ಸೇರಿ ಸುತ್ತಮುತ್ತಲಿನ ಐದು ಕನ್ನಡದ ಮನೆಯವರು ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರಿ, ತಂತಮ್ಮ ಅಡುಗೆ ತಂದು ಉಣ್ಣುವ ಪದ್ಧತಿ ನಮ್ಮಲ್ಲಿತ್ತು. ಕಾಕಾ ಅವರ ಹೆಂಡತಿ, ನಮ್ಮ ಕಾಕು, ಇದ್ದಾಗ ಅವರ ಎಣ್ಣೆಗಾಯಿ ಬರುವವರೆಗೆ ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲ. ಕಾಕು ತೀರಿಕೊಂಡ ಮೇಲೆ ಕಾಕಾ ಪ್ರತಿ ಸಲವೂ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಪೇಡೆಯ ಡಬ್ಬಿ ತರುತ್ತಿದ್ದರು. ಮಕ್ಕಳಿಲ್ಲದ ಅವರಿಗೆ ತಿಂಗಳಲ್ಲಿ ನಾಲ್ಕು ಜನರ ಜೊತೆ ಕೂತು ಉಣ್ಣುವುದೆಂದರೆ ಆ ಭಾನುವಾರವೊಂದೇ. ಈಗ ಎರಡು ಮನೆಯವರು ಟೆಕ್ಸಾಸಿಗೆ ಹೋಗುವುದು ಖಾಯಂ ಆಯಿತು. ಉಳಿದ ಮೂರೇ ಮನೆಗೆ ಊಟವೇಕೆ, ನಿಲ್ಲಿಸೋಣ ಎಂಬ ಮಾತು ಎದ್ದಿತು.

"ನಿಲ್ಲಸೂದ್ಯಾಕ?" ಎಂದು ಕಾಕಾ ಎದ್ದು ನಿಂತರು. "ಎರಡು ಟೀಮು ಹೋದ್ರ ಎರಡು ಟೀಮು ತರೂದು. ಸ್ಯಾನ್ ಡಿಯೇಗೊದಾಗ ನಮ್ಮ ಮಂದಿ ಇಲ್ಲೇನು? ಎಕ್ಸ್‌ಪ್ಯಾನ್ಶನ್ ಮಾಡೋಣು!"

ಹುಡುಕಾಟದ ಹೊಣೆ ಅವರದ್ದೇ, ಡ್ರೈವ್ ಮಾಡುವ ಹೊಣೆ ನನ್ನದು. ಒಂದು ಶನಿವಾರ ಎರಡು ಗಂಟೆ ದಾರಿಯ ಸ್ಯಾನ್ ಡಿಯೇಗೊಗೆ ಹೊರಟೆವು. ಮೊದಲು ಹೋದದ್ದು ಮಂಗಳೂರು ಕಡೆಯ ಒಬ್ಬ ಡಾಕ್ಟರ ಮನೆಗೆ. ಎಂಥ ಮನೆ! ಹಿತ್ತಲಲ್ಲಿ ಈಜುಕೊಳ, ನಲವತ್ತು ಜನ ಆರಾಮಾಗಿ ಕೂರುವಷ್ಟು ಜಾಗ. ಡಾಕ್ಟರ ಹೆಂಡತಿ, "ಬನ್ನಿ ಮಾರಾಯ್ರೇ, ಪತ್ರೊಡೆ ಮಾಡಿದ್ದೇನೆ, ತಿಂದು ಹೇಳಿ" ಎಂದರು. ತಿಂದೆವು. ಹೇಳಲು ಬಾಯಿ ಖಾಲಿ ಇದ್ದರೆ ತಾನೆ? ತಿಂಗಳಿಗೊಮ್ಮೆ ಬರಲು ಅವರು ತುದಿಗಾಲಲ್ಲಿ ನಿಂತಿದ್ದರು. ಕಾಕಾ ಮಾತ್ರ ಕೈ ತೊಳೆದು, ಗಂಭೀರವಾಗಿ, "ಕಮಿಟಿ ಒಳಗ ವಿಚಾರ ಮಾಡಿ ತಿಳಸ್ತೇವ್ರಿ" ಎಂದುಬಿಟ್ಟರು. ಯಾವ ಕಮಿಟಿ? ಕಾರಿಗೆ ಬಂದು ಕೇಳಿದೆ. "ಟೀಮು ಭಾಳ ಸ್ಟ್ರಾಂಗ್ ಅದ. ನಮಗ ಹೊಂದೂದಿಲ್ಲ" ಎಂದರು.

ಆಮೇಲೆ ಹೋದದ್ದು ಅದೇ ಊರಿನ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿಗೆ. ಅಲ್ಲಿ ಕರ್ನಾಟಕದ ನಾಲ್ಕು ಹುಡುಗರು ಎಂಎಸ್ ಓದುತ್ತಿದ್ದರು. ನಮಗಾಗಿ ಉಪ್ಪಿಟ್ಟು ಮಾಡಿದ್ದರು. ಒಬ್ಬ ಸೌಟು ಎತ್ತಿದ. ಸೌಟಿನ ಜೊತೆ ಇಡೀ ಉಪ್ಪಿಟ್ಟೂ, ಉಪ್ಪಿಟ್ಟಿನ ಜೊತೆ ಪಾತ್ರೆಯೂ ಮೇಲೆದ್ದವು!

"ಸ್ವಲ್ಪ ಗಟ್ಟಿ ಆಗೋಯ್ತು, ಅಂಕಲ್."

"ಇರಲಿ, ಇರಲಿ. ನಿಮ್ಮ ಕಾಲೇಜಿನ ಫುಟ್‌ಬಾಲ್ ಟೀಮು ಹೆಂಗದ?"

"ನಮ್ಮ ಕಾಲೇಜಲ್ಲಿ ಫುಟ್‌ಬಾಲ್ ಟೀಮೇ ಇಲ್ಲ, ಅಂಕಲ್."

ಮುಗಿಯಿತು ಇವರ ಕಥೆ ಎಂದುಕೊಂಡೆ. ಕಾಕಾ ಒಂದು ಗಳಿಗೆ ಎದೆ ಹಿಡಿದುಕೊಂಡದ್ದೂ ನಿಜ. ಆದರೆ ಉಪ್ಪಿಟ್ಟಿನ ಇನ್ನೊಂದು ಹೆಂಟೆ ಬಾಯಿಗೆ ಹಾಕಿ, ಕಷ್ಟಪಟ್ಟು ನುಂಗಿ, ಮುಖವರಳಿಸಿ, "ಮುಂದಿನ ತಿಂಗಳಿಂದ ಬರ್ರಿ. ಇದನ್ನs ಮಾಡ್ಕೊಂಡು ಬರ್ರಿ!" ಎಂದರು. ಹುಡುಗರೇ ಬೆಚ್ಚಿಬಿದ್ದರು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಏನು ಕಾಕಾ ಇದು? ಪತ್ರೊಡೆ ಬಿಟ್ಟು ಆ ಉಪ್ಪಿಟ್ಟು ಆರಿಸ್ಕೊಂಡ್ರಲ್ಲ! ಕಾನ್ಫರೆನ್ಸ್ ಗಟ್ಟಿ ಆಗ್ಬೇಕು ಅಂತ ತಾನೆ ನೀವು ಯಾವಾಗ್ಲೂ ಹೇಳೋದು?"

ಅವರು ಕಿಟಕಿಯಾಚೆ ಸಮುದ್ರ ನೋಡುತ್ತ ಕೂತಿದ್ದರು. ಮುಖ ತಿರುಗಿಸದೆಯೇ ಹೇಳಿದರು.

"ನಿಮ್ಮ ಕಾಕು ಇದ್ದಾಗ ನಮ್ಮ ಮನೀದು ಮೊದಲನೇ ಟೀಮವಾ. ಈಗ ನಂದು ಕಟ್ಟಕಡೀದು. ಅಂಗಡಿ ಪೇಡೆ ಹಿಡ್ಕೊಂಡು ಬರೂ ಮುದುಕನ್ನ ನೀವರs ಎಷ್ಟು ದಿನ ಇಟ್ಕೋತೀರಿ? ಡಾಕ್ಟರ್ ಮನಿಯಂಥಾವ್ರು ಬಂದ್ರ ಮೊದಲು ಹೊರಗ ಬೀಳಾಂವ ನಾನs. ಆ ಹುಡುಗೂರು ಬಂದ್ರ ನನ್ನ ಕೆಳಗೂ ಒಬ್ಬರು ಇರ್ತಾರ."

ನನಗೆ ರಸ್ತೆ ಮಂಜಾಯಿತು. ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ, ಗಂಡನಿಗೆ ಫೋನ್ ಮಾಡಿದೆ. ಕಾಕಾಗೆ ಕೇಳುವಂತೆ ಸ್ಪೀಕರ್ ಹಾಕಿಯೇ ಹೇಳಿದೆ: "ಮುಂದಿನ ತಿಂಗಳ ಊಟ ಕಾಕಾ ಮನೇಲಿ. ಎಲ್ಲರಿಗೂ ಹೇಳಿಬಿಡಿ."

ಕಾಕಾ ಗಾಬರಿಯಾದರು. "ನನ್ನ ಮನ್ಯಾಗ ಏನದವಾ? ನನಗೇನು ಬರ್ತದ?"

"ನೀವು ಬಾಗಿಲು ತೆಗೀರಿ ಕಾಕಾ. ಸಾಕು."

ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ನಾನು ಕಾರು ಹೊರಡಿಸಿದೆ. ಫ್ರೀವೇ ಹತ್ತುವ ಮೊದಲೇ ಮೆಲ್ಲಗೆ ನನ್ನ ಕೈ ಮುಟ್ಟಿ ಕೇಳಿದರು:

"ಹಂಗಾದ್ರ ಆ ಡಾಕ್ಟರ್ ಮನಿಯವರನ್ನೂ ಕರಿಯೋಣೇನು? ಆ ತಾಯಿ ಪತ್ರೊಡೆ ಖರೇನs ಭಾಳ ಛಲೋ ಮಾಡಿದ್ಲು."