ಭಾವನ ಉಡುಗೊರೆ ಮತ್ತು ನನ್ನ ಗಾಡಿಯ ಆವರೇಜು

ಹೆಂಡತಿಯ ತವರಿನಿಂದ ಬಂದ ಉಡುಗೊರೆಯಲ್ಲಿ ದೋಷ ಕಾಣುವ ಕಣ್ಣನ್ನು ದೇವರು ಗಂಡಸಿಗೆ ಕೊಡಬಾರದಿತ್ತು. ಮದುವೆಯಲ್ಲಿ ಮಾವ ಕೊಟ್ಟ ವಾಚು ಮೊದಲ ದಿನದಿಂದಲೇ ಹಿಂದೆ ಬೀಳುತ್ತಿತ್ತು. ಹೇಳುವುದು ಹೇಗೆಂದು ತಿಳಿಯದೆ, ಅದು ತಾನಾಗಿಯೇ ನಿಲ್ಲುವವರೆಗೆ ಬೆಳಿಗ್ಗೆ ಗುಟ್ಟಾಗಿ ಮುಳ್ಳು ಸರಿಪಡಿಸಿಕೊಂಡೇ ಕಟ್ಟಿದೆ. ಅತ್ತೆ ದೀಪಾವಳಿಗೆ ಕಳುಹಿಸುವ ಅಂಗಿ ಇಂದಿಗೂ ನನ್ನ ಮದುವೆಯ ದಿನದ ಅಳತೆಯದ್ದೇ. ಹೊಟ್ಟೆಯ ವಿಷಯ ಅವರ ತನಕ ತಲುಪಿಯೇ ಇಲ್ಲ. ಅದನ್ನೂ ಉಸಿರು ಬಿಗಿ ಹಿಡಿದು ತೊಟ್ಟು ಫೋಟೊ ತೆಗೆಸಿಕೊಂಡಿದ್ದೇನೆ. ವಾಚನ್ನು ಸಹಿಸಿದವನಿಗೆ, ಅಂಗಿಯನ್ನು ಸಹಿಸಿದವನಿಗೆ ಇನ್ನೇನು ಕಷ್ಟ ಎಂದು ನೀವು ಕೇಳಬಹುದು. ವಾಚಿಗೂ ಅಂಗಿಗೂ ಡೀಸೆಲ್ ಹಾಕಬೇಕಾಗಿರಲಿಲ್ಲ.

ನನ್ನದು ಡೊಂಬಿವಲಿಯಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ಅದಕ್ಕೆ ಕೈಕಾಲು ಎಂದರೆ ಒಂದು ಪಿಕಪ್ ಗಾಡಿ. ಬೆಳಗಾಗುವಾಗ ವಾಶಿಯ ಮಾರ್ಕೆಟಿನಿಂದ ತರಕಾರಿ ತರಬೇಕು, ಆಮೇಲೆ ಇಡ್ಲಿಯ ಡಬ್ಬಿಗಳನ್ನೂ ಸಾಂಬಾರಿನ ಕ್ಯಾನುಗಳನ್ನೂ ಹೇರಿಕೊಂಡು ಮಹಾಪೆಯ ಒಂದು ಕಂಪೆನಿಯ ಕ್ಯಾಂಟೀನಿಗೆ ತಲುಪಿಸಬೇಕು. ಎರಡನ್ನೂ ನಾನೇ ಓಡಿಸಿಕೊಂಡು ಮಾಡುತ್ತೇನೆ. ಹೋಟೆಲಿನ ಲಾಭ ಗಲ್ಲಾಪೆಟ್ಟಿಗೆಯಲ್ಲಿದೆ ಎಂದು ಗಿರಾಕಿಗಳು ತಿಳಿದಿರುತ್ತಾರೆ. ಅದು ಇರುವುದು ಗಾಡಿಯ ಆವರೇಜಿನಲ್ಲಿ. ಈ ಊರಿನಲ್ಲಿ ಮೈಲೇಜ್ ಎನ್ನುವ ಶಬ್ದ ಬಳಕೆಯಲ್ಲಿಲ್ಲ, ಎಲ್ಲರೂ ಆವರೇಜ್ ಎನ್ನುತ್ತಾರೆ. ಹೊಸ ಗಾಡಿ ತಂದವನ ಬಳಿ ಗಾಡಿಯ ಬಣ್ಣ ಚೆನ್ನಾಗಿದೆ ಎನ್ನುವುದಕ್ಕೂ ಮೊದಲು ‘ಆವರೇಜ್ ಎಷ್ಟು?’ ಎಂದು ಕೇಳುವುದು ಇಲ್ಲಿನ ಸಂಸ್ಕಾರ.

ಇನ್ನು ನಮ್ಮ ಸುಧಾಕರ ಭಾವ. ನನ್ನ ಹೆಂಡತಿ ವಸಂತಿಯ ಅಣ್ಣ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಭಾವ ಎನ್ನುತ್ತಾರೆ. ಫೋನಿನಲ್ಲಿ ಮಾತಾಡುವಾಗ ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು ಕೇಳುವವರಿಗೆ ತಿಳಿಯುವುದಿಲ್ಲ. ಭಾವನಂಥ ಒಳ್ಳೆಯ ಮನುಷ್ಯ ಠಾಣೆ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ, ಭಾವನಷ್ಟು ವ್ಯಾಪಾರಗಳಲ್ಲಿ ಸೋತವನೂ ಇಲ್ಲ. ಮಳೆಗಾಲ ಹಿಡಿದ ವಾರವೇ ಕಬ್ಬಿನ ರಸದ ಅಂಗಡಿ ತೆರೆದರು. ಜನ ಮೊಬೈಲಿಗೆ ಬದಲಾಗುತ್ತಿದ್ದಾಗ ಎಸ್‌ಟಿಡಿ ಬೂತ್ ಹಾಕಿದರು. ಹಾಗೆಂದು ನಗುವ ಹಕ್ಕು ನನಗಿಲ್ಲ. ಕಾಮಾಲೆಯಾಗಿ ನಾನು ಮಲಗಿದ್ದಾಗ ತಮ್ಮ ಅಂಗಡಿಗೆ ಬೀಗ ಜಡಿದು ಬಂದು, ನಾನು ಎದ್ದು ಕೂರುವವರೆಗೆ ನನ್ನ ಹೋಟೆಲನ್ನು ನಡೆಸಿದವರು ಅವರು. ಆ ದಿನಗಳಲ್ಲಿ ಹೋಟೆಲಿನಲ್ಲಿ ಲಾಭವೂ ಬಂದಿತ್ತು ಎನ್ನುವುದನ್ನು ವಸಂತಿ ಆಗಾಗ ನೆನಪಿಸುತ್ತಾಳೆ.

ಈ ಭಾವ ಕೊನೆಗೆ ನನ್ನ ವಾಶಿಯ ದಾರಿಯಲ್ಲೇ ಬರುವ ಶಿಳ್ ಫಾಟಾದ ಹತ್ತಿರ ಟಯರಿನ ಅಂಗಡಿ ಇಟ್ಟರು. ಇದೂ ಮುಳುಗಿದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೇ ಎಂದು ಮೊದಲೇ ಹೇಳಿಬಿಟ್ಟಿದ್ದರು. ಪೂಜೆಯ ದಿನ ನಾವು ಗಂಡಹೆಂಡತಿ ಪಿಕಪ್ಪಿನಲ್ಲೇ ಹೋಗಿದ್ದೆವು. ಊಟ ಮುಗಿಸಿ ಹೊರಗೆ ಬಂದು ನೋಡಿದರೆ ಗಾಡಿ ಒಂದು ಗೇಣು ಎತ್ತರವಾದ ಹಾಗೆ ಕಾಣಿಸಿತು. ನಾಲ್ಕು ಗಾಲಿಗಳಿಗೂ ಕರ್ರಗೆ ಮಿರುಗುವ, ದಪ್ಪ ದಪ್ಪ ಕಚ್ಚುಗಳ ದೊಡ್ಡ ಟಯರುಗಳು. “ಆಲ್ ಟೆರೇನ್ ಅಂತ ಭಾವಾ. ಕಲ್ಲು, ಕೆಸರು, ಮರಳು, ಎಲ್ಲಿ ಬೇಕಾದ್ರೂ ಓಡ್ತದೆ. ಅಂಗಡಿಯ ಮೊದಲ ಸೆಟ್ಟು ನಿಮ್ಗೇ. ನಿಮ್ಮ ಕಾಲ್ಗುಣ ಒಳ್ಳೇದುಂಟು” ಎಂದರು ಭಾವ. ವಸಂತಿಯ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು. ಮರಳಿನಲ್ಲಿ ನನಗೇನು ಕೆಲಸ ಎಂಬ ಪ್ರಶ್ನೆ ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ವಾರ ಸುಖವಾಗಿಯೇ ಕಳೆಯಿತು. ಶಿಳ್ ರಸ್ತೆಯ ಹೊಂಡಗಳು ಇದ್ದಕ್ಕಿದ್ದಂತೆ ಸಣ್ಣವಾದವು. ಹತ್ತಿ ಕುಳಿತರೆ ರಿಕ್ಷಾಗಳ ಟಾಪು ಕೆಳಗೆ ಕಾಣಿಸುತ್ತಿತ್ತು. ವಸಂತಿಗೆ ಮಾತ್ರ ಹತ್ತಲು ಆಗುತ್ತಿರಲಿಲ್ಲ. ಹೋಟೆಲಿನ ಒಂದು ಪ್ಲಾಸ್ಟಿಕ್ ಸ್ಟೂಲು ಖಾಯಂ ಆಗಿ ಗಾಡಿಯಲ್ಲೇ ವಾಸಮಾಡತೊಡಗಿತು. ನಾನು ಇಳಿದು, ಸುತ್ತು ಬಂದು, ಸ್ಟೂಲು ಇಟ್ಟು, ಕೈ ಹಿಡಿದು ಅವಳನ್ನು ಹತ್ತಿಸುವಾಗ ನಮ್ಮ ಸೊಸೈಟಿಯ ಹೆಂಗಸರು ಬಾಲ್ಕನಿಯಲ್ಲಿ ನಿಂತು ನೋಡಿ ತಂತಮ್ಮ ಗಂಡಂದಿರನ್ನು ಮೂದಲಿಸುತ್ತಿದ್ದರಂತೆ. ಸಾಂಬಾರಿನ ಕ್ಯಾನನ್ನು ಮೊದಲು ಸೊಂಟದ ಮಟ್ಟಕ್ಕೆ ಎತ್ತಿದರೆ ಸಾಕಿತ್ತು, ಈಗ ಎದೆಯ ಮಟ್ಟಕ್ಕೆ ಎತ್ತಬೇಕಾಯಿತು. ಒಂದು ದಿನ ಕ್ಯಾನು ವಾಲಿ ನನಗೆ ಸಾಂಬಾರಿನ ಅಭಿಷೇಕವೂ ಆಯಿತು.

ಆದರೆ ಮೊದಲು ಶನಿವಾರದವರೆಗೆ ಬರುತ್ತಿದ್ದ ಡೀಸೆಲು ಈಗ ಗುರುವಾರವೇ ಮುಗಿಯತೊಡಗಿತು. ಪಂಪಿನವನ ಅಳತೆಯ ಮೇಲೆ ಅನುಮಾನಪಟ್ಟು ಪಂಪು ಬದಲಿಸಿದೆ. ಟ್ಯಾಂಕು ಸೋರುತ್ತದೋ ಎಂದು ಗಾಡಿಯ ಅಡಿಗೆ ಹಳೆಯ ಪೇಪರು ಹಾಸಿದೆ. ಮೆಕ್ಯಾನಿಕ್ಕು ಬಾನೆಟ್ಟನ್ನು ಮುಟ್ಟಲೂ ಇಲ್ಲ. ಟಯರನ್ನು ಕಾಲಿನಿಂದ ಒದ್ದು, “ಚಪ್ಪಲಿಯಲ್ಲಿ ಓಡುವವನಿಗೆ ಗಮ್‌ಬೂಟು ಹಾಕಿಸಿದರೆ ಹೇಗೆ ಓಡ್ತಾನೆ?” ಎಂಬರ್ಥದ ಒಂದು ಮಾತನ್ನು ಮರಾಠಿಯಲ್ಲಿ ಹೇಳಿ ನಕ್ಕ. ದೊಡ್ಡ ಚಕ್ರ, ಭಾರದ ಚಕ್ರ, ಮೇಲಾಗಿ ರಸ್ತೆಯನ್ನು ಕಚ್ಚಿ ಹಿಡಿಯುವ ಚಕ್ರ. ಅದನ್ನು ನಿಂತಲ್ಲಿಂದ ಹೊರಡಿಸಲು ಇಂಜಿನ್ನು ಪ್ರತಿಸಲ ಮುಕ್ಕಿರಿಯಬೇಕು. ನಮ್ಮ ರಸ್ತೆಯಲ್ಲಾದರೋ ಓಡುವುದಕ್ಕಿಂತ ನಿಂತು ಹೊರಡುವುದೇ ಹೆಚ್ಚು.

ಭಾವ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. “ಹೇಗುಂಟು ಭಾವಾ ಟಯರು?” ನಾನು ಬಾಯಿ ತೆರೆಯುವ ಮೊದಲೇ ವಸಂತಿ ದೋಸೆಯ ಸಟ್ಟುಗ ಹಿಡಿದು ಎದುರಿಗೆ ಬಂದು ನಿಲ್ಲುತ್ತಿದ್ದಳು. “ಫಸ್ಟ್ ಕ್ಲಾಸ್ ಭಾವಾ” ಎನ್ನುತ್ತಿದ್ದೆ. “ಆವರೇಜು?” “ಏನೂ ತೊಂದರೆ ಇಲ್ಲ.” ಫೋನಿಟ್ಟ ಮೇಲೆ ಅವಳು ಹೇಳುತ್ತಿದ್ದಳು: “ಅಣ್ಣ ಈಗಷ್ಟೇ ನಾಲ್ಕು ಜನರ ಎದುರು ತಲೆಯೆತ್ತಿ ನಡೀತಿದ್ದಾನೆ. ನಿಮ್ಮ ಡೀಸೆಲಿನ ಪುರಾಣ ಅವನ ಹತ್ರ ಹೇಳ್ಬೇಡಿ.” ಬಾಯಿಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಸ್ಥಿತಿ ನನ್ನದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆದ್ದರಿಂದ ಟಯರನ್ನು ಬಿಟ್ಟು ಉಳಿದದ್ದನ್ನೆಲ್ಲ ಸುಧಾರಿಸಲು ಹೊರಟೆ. ಯಾರೋ ಹೇಳಿದರೆಂದು ಗಾಳಿ ಹೆಚ್ಚು ತುಂಬಿಸಿದೆ. ಇಡ್ಲಿಗಳು ಡಬ್ಬಿಯೊಳಗೆ ಕುಣಿದು ಮಹಾಪೆ ಮುಟ್ಟುವಾಗ ಉಪ್ಪಿಟ್ಟಾಗಿದ್ದವು. ಭಾರ ಇಳಿಸಬೇಕೆಂದು ಜಾಕು, ಸ್ಪ್ಯಾನರು, ಹಳೆಯ ಗೋಣಿಗಳನ್ನೆಲ್ಲ ತೆಗೆದಿಟ್ಟೆ. ವೇಗ ಕಡಿಮೆ ಮಾಡಿದರೆ ಆವರೇಜು ಬರುತ್ತದೆಂದು ಎಷ್ಟು ಮೆಲ್ಲಗೆ ಓಡಿಸಿದೆನೆಂದರೆ, ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವ ಒಬ್ಬ ಪಾವ್‌ವಾಲಾ ನನ್ನನ್ನು ದಾಟಿ ಮುಂದೆ ಹೋಗಿ, ಏನಾಯಿತೋ ಎಂಬ ಮರುಕದಿಂದ ಹಿಂದಿರುಗಿ ನೋಡಿದ. “ಇನ್ನೇನು ಭಾರ ಇಳಿಸ್ಲಿ?” ಎಂದು ವಸಂತಿಯನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಇಳಿದ್ರೆ ಆದೀತು” ಎಂದಳು.

ಈ ನಡುವೆ ಒಂದು ಪವಾಡ ನಡೆಯಿತು. ಗಾಡಿಯ ಮೀಟರಿನ ಪ್ರಕಾರ ಡೊಂಬಿವಲಿಗೂ ವಾಶಿಗೂ ನಡುವಿನ ದೂರ ಕಡಿಮೆಯಾಗಿತ್ತು! ಅದೇ ರಸ್ತೆ, ಅದೇ ಮಾರ್ಕೆಟು, ಕಿಲೋಮೀಟರು ಮಾತ್ರ ಕಡಿಮೆ. ಸಂತೋಷದಿಂದ ಮನೆಗೆ ಬಂದು ಹೇಳಿದೆ. ವಸಂತಿ ಸೀರೆಗೆ ಫಾಲ್ ಹಚ್ಚುವ ಕೆಲಸ ಮಾಡುವವಳು. ಅಳತೆಯ ಟೇಪು ಹಿಡಿದು ಕೆಳಗಿಳಿದು ಬಂದಳು. ರವಿಕೆಗೆ ಅಳತೆ ತೆಗೆಯುವ ಹಾಗೆ ಟಯರಿನ ಸುತ್ತ ಟೇಪು ಸುತ್ತಿದಳು. ಆಮೇಲೆ ಹಿಂದೆ ಕಟ್ಟಿದ್ದ ಸ್ಟೆಪ್ನಿಗೂ ಸುತ್ತಿದಳು. ಅದೊಂದು ಮಾತ್ರ ಹಳೆಯ ಸಣ್ಣ ಟಯರಾಗಿಯೇ ಉಳಿದಿತ್ತು. “ನೋಡಿ, ಇದು ಒಂದು ಸುತ್ತು ಬಂದ್ರೆ ಅದಕ್ಕಿಂತ ಇಷ್ಟು ಜಾಸ್ತಿ ಮುಂದೆ ಹೋಗ್ತದೆ. ಮೀಟರಿಗೆ ಸುತ್ತು ಎಣಿಸ್ಲಿಕ್ಕೆ ಮಾತ್ರ ಗೊತ್ತು. ಚಕ್ರ ದೊಡ್ಡದಾದದ್ದು ಅದಕ್ಕೆ ಯಾರು ಹೇಳಿದ್ದಾರೆ?” ಎಂದಳು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎನ್ನುತ್ತಾರಲ್ಲ, ನಾವು ಸೊಸೈಟಿಯ ಅಂಗಳದಲ್ಲೇ ಹಾಕಿದೆವು. “ಹಾಗಾದ್ರೆ ಆವರೇಜು ನಾನು ಲೆಕ್ಕ ಹಾಕಿದಷ್ಟು ಹಾಳಾಗಿಲ್ಲ!” ಎಂದು ನಾನು ಹಿಗ್ಗಿದೆ. “ಮೀಟರು ಸುಳ್ಳು ಹೇಳ್ತದೆ ಸರಿ, ಗುರುವಾರ ಖಾಲಿಯಾಗುವ ಟ್ಯಾಂಕೂ ಸುಳ್ಳು ಹೇಳ್ತದಾ?” ಎಂದು ಕೇಳಿ ಅವಳು ಟೇಪು ಮಡಚಿದಳು.

ಹೀಗೆಯೇ ಮುಂದಿನ ಮಳೆಗಾಲವೂ ಬಂತು. ಒಂದು ಸಂಜೆ ಭಾವ ಮುಖವರಳಿಸಿಕೊಂಡು ಹೋಟೆಲಿಗೆ ಬಂದರು. ಜೊತೆಯಲ್ಲಿ ಕಲ್ಯಾಣದ ಕಡೆಯ ಪಾಟೀಲ ಎಂಬ ಹಾಲಿನ ವ್ಯಾಪಾರಿ. ಅವನಿಗೆ ಮೂರು ಪಿಕಪ್ ಇದ್ದವು. ಮೂರಕ್ಕೂ ಟಯರು ಬೇಕಾಗಿತ್ತು. ಭಾವ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ದೊಡ್ಡ ಗಿರಾಕಿ ಭಾವಾ. ನೀವು ಅಷ್ಟು ಹೊಗಳ್ತೀರಲ್ಲ, ಆ ಧೈರ್ಯದಲ್ಲಿ ಅದೇ ಟಯರು ಅಂಗಡಿ ತುಂಬ ತರಿಸಿ ಇಟ್ಟಿದ್ದೇನೆ. ಒಂದೂ ಹೋಗ್ಲಿಲ್ಲ. ನೀವು ಒಂದು ಮಾತು ಹೇಳಿದ್ರೆ ನಾನು ಬದುಕಿಕೊಳ್ತೇನೆ.”

ನೋಯಿಸಬಾರದೆಂದು ಹೇಳಿದ ಫಸ್ಟ್ ಕ್ಲಾಸುಗಳೆಲ್ಲ ಭಾವನ ಗೋದಾಮಿನಲ್ಲಿ ಟಯರಾಗಿ ಕೂತಿವೆ ಎಂದು ನನಗೇನು ಗೊತ್ತಿತ್ತು? ಪಾಟೀಲ ಕಾಫಿ ಹೀರುತ್ತ ಹೊರಗೆ ನಿಂತ ನನ್ನ ಗಾಡಿಯನ್ನೇ ನೋಡುತ್ತಿದ್ದ. “ಅಣ್ಣಾ, ಗಾಡಿ ಏಕದಮ್ ಜಬರ್ದಸ್ತ್ ದಿಖ್ತಾ ಹೈ. ಆವರೇಜ್ ಕಿತ್ನಾ ದೇತಾ ಹೈ?” ನಾನು ಹೊಂಡಗಳ ವಿಷಯ ಹೇಳಿದೆ. ಎತ್ತರದ ವಿಷಯ ಹೇಳಿದೆ. ನೀರು ನಿಂತ ರಸ್ತೆಯಲ್ಲಿ ರಾಜನ ಹಾಗೆ ಹೋಗಬಹುದೆಂದೆ. ಅವನು ಎಲ್ಲದಕ್ಕೂ ತಲೆಯಾಡಿಸಿ, “ವೋ ಠೀಕ್ ಹೈ ಅಣ್ಣಾ, ಆವರೇಜ್ ಬೋಲೋ. ದೂಧ್ ಕಾ ಧಂದಾ ಹೈ ಮೇರಾ” ಎಂದ. ಹಾಲು ಮಾರುವವನಿಗೆ ಬೇಕಾದದ್ದು ಅದೊಂದೇ. ಭಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಾಮಾಲೆಯ ದಿನಗಳಲ್ಲಿ ಡಾಕ್ಟರು ಬಂದಾಗಲೂ ಹೀಗೆಯೇ ನಿಂತು ನೋಡುತ್ತಿದ್ದರು. ನಾನು ಗಲ್ಲಾದಲ್ಲಿ ಕೂತ ವಸಂತಿಯ ಕಡೆಗೆ ತಿರುಗಿದೆ. ಅವಳು ಪಾಟೀಲನಿಗೆ ತಿಳಿಯದ ಹಾಗೆ ಕನ್ನಡದಲ್ಲಿ, “ಹೇಳಿಬಿಡಿ. ನಮ್ಮ ಸಂಸಾರದ ಮರ್ಯಾದೆಗೆ ಆ ಮನುಷ್ಯ ಯಾಕೆ ಡೀಸೆಲ್ ಹಾಕ್ಬೇಕು? ಮತ್ತೆ ಹಾಲಿಗೇ ನೀರು ಸೇರಿಸಿಯಾನು” ಎಂದಳು.

ಹೇಳಿದೆ. “ಆವರೇಜ್ ನಹೀ ದೇತಾ.” ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಗುರುವಾರದ ಟ್ಯಾಂಕು, ಸುಳ್ಳು ಮೀಟರು, ಸ್ಟೂಲು, ಕುಣಿಯುವ ಇಡ್ಲಿ, ಎಲ್ಲವನ್ನೂ ಹೇಳಿ, ದಿನವಿಡೀ ನಿಂತು ಹೊರಡುವ ಗಾಡಿಗೆ ಕಂಪೆನಿ ಹೇಳಿದ ಸಾದಾ ಟಯರೇ ಸರಿ ಎಂದುಬಿಟ್ಟೆ. ಪಾಟೀಲ ಬಿದ್ದು ಬಿದ್ದು ನಕ್ಕ. ಮನೆಯವರದೇ ಅಂಗಡಿಯ ಟಯರು ಬೇಡ ಎನ್ನುವ ಸಂಬಂಧಿಕರಿರುವ ಕಡೆ ಮೋಸ ಇರಲಾರದೆಂದು ಹೇಳಿ, ಮೂರು ಗಾಡಿಗೂ ಸಾದಾ ಟಯರನ್ನು ಭಾವನಿಗೇ ಆರ್ಡರ್ ಕೊಟ್ಟು ಹೋದ. ಭಾವ ಮಾತ್ರ ತಣ್ಣಗಾದ ಕಾಫಿಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆಗೆ ತಿರುಗಿದರು.

“ಇಷ್ಟು ದಿನ ಫಸ್ಟ್ ಕ್ಲಾಸ್ ಅಂದದ್ದು ಎಂತಕ್ಕೆ?”

“ನಿಮ್ಗೆ ಬೇಜಾರಾದೀತು ಅಂತ.”

“ನಾನು ವಾರವಾರ ಕೇಳಿದ್ದು ಎಂತಕ್ಕೆ ಮತ್ತೆ? ಒಮ್ಮೆ ‘ಸರಿ ಇಲ್ಲ’ ಅಂದಿದ್ರೆ ಸಾಕಿತ್ತು ಮಾರಾಯ್ರೆ, ಅಷ್ಟೊಂದು ತರಿಸ್ತಿರ್ಲಿಲ್ಲ” ಎಂದರು. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರ ಧ್ವನಿ ಸಣ್ಣದಾಗಿತ್ತು. ನನಗೆ ನಿಜವಾಗಿಯೂ ದುಃಖವಾಯಿತು. ವಸಂತಿ ಗಲ್ಲಾದಿಂದೆದ್ದು ಬಂದು ಅಣ್ಣನ ಮುಂದೆ ಬಿಸಿಕಾಫಿ ಇಟ್ಟು, ಪಕ್ಕದಲ್ಲೇ ಕೂತಳು. ಒಂದು ಗುಟುಕು ಹೀರಿ ಭಾವ ತಾವಾಗಿಯೇ, “ಕುಣಿಯುವ ಇಡ್ಲಿ ಅಂತೆ!” ಎಂದು ಕಿಸಕ್ಕನೆ ನಕ್ಕರು. ಮರುದಿನವೇ ನನ್ನ ಗಾಡಿಗೆ ಸಾದಾ ಟಯರು ಹಾಕಿಸಿಕೊಟ್ಟರು.

ಅಂಗಡಿ ಮುಳುಗಲಿಲ್ಲ. ಪಾಟೀಲ ತಾನು ಹಾಲು ಹಾಕುವ ಮನೆಗಳಲ್ಲೆಲ್ಲ ಭಾವನ ಹೆಸರು ಹಂಚಿದ. ದೊಡ್ಡ ಟಯರುಗಳು ಒಂದೊಂದೇ ಸೆಟ್ಟಾಗಿ ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸುಗಳ ಶ್ರೀಮಂತರ ಜೀಪುಗಳಿಗೆ ಹೋದವು. ಅಲ್ಲಿನವರಿಗೆ ಆವರೇಜ್ ಬರುವುದಿಲ್ಲವೆಂದು ಮೊದಲೇ ಹೇಳಿದರೂ ಬೇಸರವಿಲ್ಲ. ಅವರ ಗಾಡಿಗಳು ದಾಟಬೇಕಾದ ಅತಿ ಕಠಿಣ ಹಾದಿಯೆಂದರೆ ಶಾಪಿಂಗ್ ಮಾಲಿನ ಪಾರ್ಕಿಂಗು. ನನ್ನ ಡೀಸೆಲು ಮತ್ತೆ ಶನಿವಾರ ಮುಟ್ಟಿತು. ವಾಶಿ ತನ್ನ ಹಳೆಯ ದೂರಕ್ಕೆ ಮರಳಿತು. ಎಲ್ಲವೂ ಸರಿಹೋಯಿತು.

ನಾನೊಬ್ಬ ಸರಿಹೋಗಲಿಲ್ಲ. ಹೊಂಡಗಳು ಮತ್ತೆ ಬೆಳೆದಿದ್ದವು. ಹತ್ತಿ ಕುಳಿತರೆ ರಿಕ್ಷಾದವನ ಮುಖ ನನ್ನ ಮುಖಕ್ಕೆ ಸರಿಸಮ. ವಸಂತಿ ಯಾರ ಕೈಯನ್ನೂ ಹಿಡಿಯದೆ ತಾನೇ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ವರ್ಷವಿಡೀ ಹೊಗಳಿ ಹೊಗಳಿ, ಆ ಹೊಗಳಿಕೆಯನ್ನು ಭಾವನಿಗಿಂತ ಹೆಚ್ಚು ನಾನೇ ನಂಬಿದ್ದೆನೆಂದು ಕಾಣುತ್ತದೆ. ಒಂದು ದಿನ ಮಾರ್ಕೆಟಿನಿಂದ ಬರುವಾಗ ಗಾಡಿ ತಾನಾಗಿ ಭಾವನ ಅಂಗಡಿಯ ಮುಂದೆ ನಿಂತಿತು. ಗೋಡೆಗೆ ಇನ್ನೂ ಒಂದು ಸೆಟ್ಟು ಒರಗಿಸಿಟ್ಟಿದ್ದರು. ಸುಮ್ಮನೆ ಎಂಬಂತೆ, “ಭಾವಾ, ಅದಕ್ಕೆ ಎಷ್ಟು?” ಎಂದು ಕೇಳಿದೆ.

ಭಾವ ಕುರ್ಚಿ ಎಳೆದು ಕೂರಿಸಿದರು. ಚಹಾ ತರಿಸಿದರು. ಆಮೇಲೆ ಎಲ್ಲ ಗಿರಾಕಿಗಳಿಗೂ ಹೇಳಿ ಹೇಳಿ ಬಾಯಿಪಾಠವಾಗಿದ್ದ ಧಾಟಿಯಲ್ಲಿ, ಬಹಳ ಕಳಕಳಿಯಿಂದ ಹೇಳಿದರು: “ಅದು ಬೇಡ. ನೋಡ್ಲಿಕ್ಕೆ ಚಂದ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆವರೇಜ್ ಬರುದಿಲ್ಲ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ರೆ ಡೊಂಬಿವಲಿಯಲ್ಲಿ ನಮ್ಮ ಭಾವನ ಹೋಟೆಲುಂಟು, ಹೋಗಿ ಕೇಳಿ.”

ನಾನು ಚಹಾ ಮುಗಿಸಿ, ಕೇಳಿ ಬರಲು ಡೊಂಬಿವಲಿಗೆ ಹೊರಟೆ.